ಒಳಗಡೆ ಹಿಡಿಕೆಯಿಲ್ಲದ ಬಾಗಿಲು: ತಪ್ಪು ಮಾಡಿದ ಮಕ್ಕಳನ್ನು ಕೂಡಿಹಾಕಿ ತಿದ್ದುವುದು ಹೇಗೆ?

ಕೋಣೆಯ ಬಾಗಿಲಿಗೆ ಒಳಗಡೆ ಹಿಡಿಕೆ ಇಲ್ಲ. ಮಂಚವನ್ನು ನೆಲಕ್ಕೆ ಬಿಗಿದಿದ್ದಾರೆ. ಕಿಟಕಿ ಇರುವುದು ಬೆಳಕಿಗೆ, ತೆರೆಯುವುದಕ್ಕಲ್ಲ. ಟವೆಲ್ ಹಾಕುವ ಗೂಟ ಸ್ವಲ್ಪ ಭಾರ ಬಿದ್ದರೂ ಕೆಳಗೆ ಬಾಗುವಂಥದ್ದು. ಅದಕ್ಕೆ ಯಾರೂ ಕುಣಿಕೆ ಬಿಗಿದುಕೊಳ್ಳಬಾರದೆಂದು ಹಾಗೆ ಮಾಡಿರುತ್ತಾರೆ. ಅಪರಾಧ ಎಸಗಿದ ಮಕ್ಕಳನ್ನು ಇರಿಸುವ ಬಿಗಿ ಭದ್ರತೆಯ ಕೇಂದ್ರವನ್ನು ಯೋಚಿಸಿ ಕಟ್ಟಿದರೆ ಅದರ ಒಂದು ಕೋಣೆ ಹೆಚ್ಚುಕಡಿಮೆ ಹೀಗಿರುತ್ತದೆ. ಒಳಗೆ ಮಲಗಿರುವವನಿಗೆ ಹದಿನೈದೋ ಹದಿನಾರೋ ವರ್ಷ.

ಈ ಕಟ್ಟಡಕ್ಕೆ ನಾವು ಒಪ್ಪಿಸಿರುವ ಕೆಲಸ ಎರಡು. ಅವನು ತಪ್ಪಿಸಿಕೊಂಡು ಹೋಗದಂತೆ, ಇನ್ನೊಬ್ಬರಿಗೆ ಏಟು ಮಾಡದಂತೆ ನೋಡಿಕೊಳ್ಳುವುದು ಮೊದಲನೆಯದು. ಒಂದು ದಿನ ಇದೇ ಬಾಗಿಲು ತೆರೆದು ಹೊರಗೆ ಬಿಟ್ಟಾಗ ಅವನು ಮತ್ತೆ ಇಲ್ಲಿಗೆ ಬರದಂತೆ ಸಿದ್ಧಪಡಿಸುವುದು ಎರಡನೆಯದು. ಗೋಡೆ, ಬೀಗ, ಕ್ಯಾಮೆರಾ ಮೊದಲನೆಯದನ್ನು ಮಾಡಿಕೊಡುತ್ತವೆ. ಎರಡನೆಯದರಲ್ಲಿ ಅವು ಯಾವ ಉಪಯೋಗಕ್ಕೂ ಬರುವುದಿಲ್ಲ. ಅದು ಆ ಕಟ್ಟಡದೊಳಗೆ ಪಾಳಿಯ ಮೇಲೆ ದುಡಿಯುವ ದೊಡ್ಡವರಿಂದ ಆಗಬೇಕು. ಈ ವಿಷಯದ ಬಗ್ಗೆ ನಡೆಯುವ ಚರ್ಚೆಯೆಲ್ಲ ಗೋಡೆಯ ಎತ್ತರದ ಸುತ್ತಲೇ ಸುತ್ತುತ್ತದೆ, ಆ ದೊಡ್ಡವರ ಬಗ್ಗೆ ಯಾರೂ ಕೇಳುವುದಿಲ್ಲ ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಯಾರನ್ನು ಒಳಗಿಡುತ್ತಾರೆ

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ರಿಮ್ಯಾಂಡ್ ಹೋಮ್, ಸುಧಾರಣಾ ಶಾಲೆ, ತರಬೇತಿ ಶಾಲೆ, ವೀಕ್ಷಣಾಲಯ, ಬೋರ್ಸ್ಟಲ್ ಎಂದು ಒಂದೊಂದು ಕಾಲ, ಒಂದೊಂದು ದೇಶ ಒಂದೊಂದು ಹೆಸರಿಟ್ಟಿದೆ. ಬೋರ್ಸ್ಟಲ್ ಎನ್ನುವುದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿ. 1902ರಲ್ಲಿ ಅಲ್ಲಿ ಶುರುವಾದ ವ್ಯವಸ್ಥೆಯ ಹೆಸರು ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿತು. ಇಂಗ್ಲೆಂಡ್ ಮಾತ್ರ 1982ರ ಕಾಯ್ದೆಯಿಂದ ಅದನ್ನು ಕೈಬಿಟ್ಟಿತು. ಈಗ ಅಲ್ಲಿ ಕೆಲವೇ ಮಕ್ಕಳಿರುವ, ಹೆಚ್ಚು ಸಿಬ್ಬಂದಿಯ ಸುರಕ್ಷಿತ ಮಕ್ಕಳ ಗೃಹಗಳಿವೆ. ಸೆರೆಮನೆಯನ್ನೇ ಹೋಲುವ ದೊಡ್ಡ ಯುವ ಅಪರಾಧಿಗಳ ಸಂಸ್ಥೆಗಳೂ ಇವೆ. 2024ರಲ್ಲಿ ಮೆಡ್ವೇಯಲ್ಲಿ ಒಂದು 'ಸುರಕ್ಷಿತ ಶಾಲೆ'ಯೂ ತೆರೆಯಿತು. ಒಂದೇ ದೇಶದಲ್ಲಿ, ಒಂದೇ ವಯಸ್ಸಿನ ಹುಡುಗನಿಗೆ, ಎಲ್ಲಿ ಜಾಗ ಸಿಕ್ಕಿತು ಎಂಬುದರ ಮೇಲೆ ದಿನಚರಿಯೇ ಬೇರೆಯಾಗುತ್ತದೆ.

ವಿಶ್ವಸಂಸ್ಥೆಯ ದಾಖಲೆಗಳು 'ಬಾಲಾಪರಾಧಿ' ಎನ್ನುವುದನ್ನು ಬಿಟ್ಟು 'ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಗು' ಎನ್ನುತ್ತವೆ. ಬಾಯಿಗೆ ಒಗ್ಗದ ಮಾತು ನಿಜ. ಆದರೆ ಅದರಲ್ಲೊಂದು ನ್ಯಾಯವಿದೆ. ಮೊದಲ ಪದ ಆ ಹುಡುಗ ಏನು ಎಂದು ತೀರ್ಪು ಕೊಟ್ಟುಬಿಡುತ್ತದೆ, ಎರಡನೆಯದು ಅವನು ಈಗ ಯಾವ ಪರಿಸ್ಥಿತಿಯಲ್ಲಿದ್ದಾನೆ ಎಂದಷ್ಟೇ ಹೇಳುತ್ತದೆ.

ಎಷ್ಟು ವಯಸ್ಸಿಗೆ ಒಂದು ಮಗುವನ್ನು ಅಪರಾಧಕ್ಕೆ ಹೊಣೆ ಮಾಡಬಹುದು ಎಂಬುದರಲ್ಲಿ ಜಗತ್ತಿಗೆ ಒಮ್ಮತವಿಲ್ಲ. ಇಂಗ್ಲೆಂಡಿನಲ್ಲಿ 10, ನೆದರ್‌ಲ್ಯಾಂಡ್ಸ್‌ನಲ್ಲಿ 12, ಜರ್ಮನಿಯಲ್ಲಿ 14, ನಾರ್ವೆಯಲ್ಲಿ 15. ಭಾರತದ ಕಾನೂನು 7 ವರ್ಷದೊಳಗಿನವರನ್ನು ಪೂರ್ತಿ ಹೊರಗಿಟ್ಟು, 7ರಿಂದ 12ರವರೆಗೆ ಮಗುವಿನ ತಿಳಿವಳಿಕೆ ನೋಡಿ ನಿರ್ಧರಿಸಿ ಎನ್ನುತ್ತದೆ. ಕನಿಷ್ಠ 14 ಇರಲಿ ಎಂದು ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆ ಸಮಿತಿ 2019ರಲ್ಲಿ ದೇಶಗಳಿಗೆ ಹೇಳಿತು. ಅದೇ ವರ್ಷ ಮಾನವ ಹಕ್ಕುಗಳ ತಜ್ಞ ಮ್ಯಾನ್‌ಫ್ರೆಡ್ ನೊವಾಕ್ ಮುಂದಾಳತ್ವದ ಜಾಗತಿಕ ಅಧ್ಯಯನವೊಂದು, ವರ್ಷಕ್ಕೆ ಕನಿಷ್ಠ 4,10,000 ಮಕ್ಕಳು ವಿಚಾರಣಾ ಬಂಧನದಲ್ಲೋ ಸೆರೆಮನೆಯಲ್ಲೋ ಇರುತ್ತಾರೆಂದು ಅಂದಾಜು ಮಾಡಿತು. ಪೊಲೀಸ್ ವಶದಲ್ಲಿ ರಾತ್ರಿ ಕಳೆಯುವವರನ್ನು ಸೇರಿಸಿದರೆ ಇನ್ನೂ ಹತ್ತು ಲಕ್ಷ.

ಇಲ್ಲಿ ಒಂದು ವ್ಯತ್ಯಾಸ ಗಮನದಲ್ಲಿರಲಿ. ಒಳಗಿರುವ ಎಲ್ಲರೂ ತಪ್ಪಿತಸ್ಥರೆಂದು ತೀರ್ಮಾನವಾದವರಲ್ಲ. ದೊಡ್ಡದೊಂದು ಪಾಲು ವಿಚಾರಣೆ ಮುಗಿಯುವುದನ್ನು ಕಾಯುತ್ತಿರುವವರು. ಶಿಕ್ಷೆಯಾದ ಹುಡುಗನಿಗೆ ಬಿಡುಗಡೆಯ ತಾರೀಖು ಗೊತ್ತಿರುತ್ತದೆ, ಅದನ್ನಿಟ್ಟುಕೊಂಡು ಓದು, ಚಿಕಿತ್ಸೆ, ಕಸುಬು ಎಂದು ಯೋಜನೆ ಹಾಕಬಹುದು. ಕಾಯುತ್ತಿರುವವನಿಗೆ ನಾಳೆಯೇ ಬಿಡುಗಡೆಯೋ, ಇನ್ನಾರು ತಿಂಗಳೋ ತಿಳಿಯದು. ಅವನ ಹೊಟ್ಟೆಯಲ್ಲಿ ಸದಾ ಕಿವುಚುವ ಆ ಅನಿಶ್ಚಿತತೆಯೇ ಹೊಡೆದಾಟಗಳಿಗೆ, ನಿದ್ದೆಯಿಲ್ಲದ ರಾತ್ರಿಗಳಿಗೆ ಕಾರಣವಾಗುತ್ತದೆ.

ಇನ್ನು, ಈ ಮಕ್ಕಳು ಹೊತ್ತು ತರುವ ಗಂಟು. ಪಶ್ಚಿಮ ಆಸ್ಟ್ರೇಲಿಯಾದ ಬ್ಯಾಂಕ್ಸಿಯಾ ಹಿಲ್ ಬಂಧನ ಕೇಂದ್ರದಲ್ಲಿ 99 ಮಕ್ಕಳನ್ನು ವೈದ್ಯರು ಕೂಲಂಕಷವಾಗಿ ಪರೀಕ್ಷಿಸಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಅವರಲ್ಲಿ 36 ಮಂದಿಗೆ, ತಾಯಿಯ ಗರ್ಭದಲ್ಲಿದ್ದಾಗಲೇ ಮದ್ಯದಿಂದ ಮಿದುಳಿಗೆ ಆಗುವ ಹಾನಿಯ ಕಾಯಿಲೆ ಇತ್ತು. ಹತ್ತರಲ್ಲಿ ಒಂಬತ್ತರಷ್ಟು ಮಂದಿಯಲ್ಲಿ ನೆನಪು, ಗಮನ, ಭಾಷೆ, ಚಲನೆ ಇಂಥ ಯಾವುದಾದರೂ ಒಂದರಲ್ಲಾದರೂ ತೀವ್ರ ಕೊರತೆ ಕಂಡಿತು. ಅದಕ್ಕೆ ಮೊದಲು ಬಹುಪಾಲು ಮಕ್ಕಳಿಗೆ ಈ ಕಾಯಿಲೆ ಇದೆಯೆಂದೇ ಯಾರಿಗೂ ತಿಳಿದಿರಲಿಲ್ಲ.

ಇದು ನೆಪ ಹೇಳುವ ಮಾತಲ್ಲ, ದಿನನಿತ್ಯದ ಕೆಲಸದ ಮಾತು. 'ಷೂ ಕಟ್ಟಿಕೊಂಡು, ಪುಸ್ತಕ ತಗೊಂಡು, ಕೋಣೆ ಮುಚ್ಚಿ ಸಾಲಿನಲ್ಲಿ ನಿಲ್ಲು' ಎಂದು ಸಿಬ್ಬಂದಿ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಹುಡುಗ ಷೂ ಕಟ್ಟಿಕೊಂಡು ಸುಮ್ಮನೆ ನಿಲ್ಲುತ್ತಾನೆ. ಹೇಳಿದ ಮಾತಿನಲ್ಲಿ ಮೊದಲ ತುಂಡು ಮಾತ್ರ ಅವನ ತಲೆಯಲ್ಲಿ ಉಳಿದಿದೆ. ನೋಡುವವರಿಗೆ ಅದು ಉದ್ಧಟತನ. ದನಿ ಏರುತ್ತದೆ, ಅವನೂ ಏರಿಸುತ್ತಾನೆ, ಹತ್ತು ನಿಮಿಷದಲ್ಲಿ ಅವನ ಹೆಸರು ಶಿಸ್ತುಕ್ರಮದ ಪುಸ್ತಕದಲ್ಲಿರುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿದ್ದರೆ ಆ ಪುಟ ಖಾಲಿ ಉಳಿಯುತ್ತಿತ್ತು.

ಬೀಗ ಮಾತ್ರ ಹಾಕಿದರೆ ಏನಾಗುತ್ತದೆ

ಹೆದರಿಸಿದರೆ ದಾರಿಗೆ ಬರುತ್ತಾರೆ ಎಂಬ ನಂಬಿಕೆ ಬಹಳ ಹಳೆಯದು. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ರಾವೇ ಸೆರೆಮನೆಯಲ್ಲಿ, ಹಾದಿ ತಪ್ಪುತ್ತಿರುವ ಹುಡುಗರನ್ನು ಜೀವಾವಧಿ ಕೈದಿಗಳ ಮುಂದೆ ಕೂರಿಸಿ, ಅವರಿಂದ ಗದರಿಸಿ, ಒಳಗಿನ ನರಕವನ್ನು ಬಣ್ಣಿಸಿ ಕಳಿಸುವ ಕಾರ್ಯಕ್ರಮ ಶುರುವಾಯಿತು. ಜನರಿಗೆ ಬಹಳ ಹಿಡಿಸಿತು, ಹಲವು ಕಡೆ ನಕಲಾಯಿತು. ಮುಂದೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿ ನೋಡಿದ ಆಂಥನಿ ಪೆಟ್ರೊಸಿನೊ ಮತ್ತು ಸಂಗಡಿಗರಿಗೆ ಕಂಡದ್ದು ಬೇರೆಯೇ. ಆ ಭೇಟಿಗೆ ಹೋಗಿ ಬಂದವರು, ಹೋಗದೆ ಉಳಿದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಸಿಪಾಯಿ ಶಿಸ್ತಿನ 'ಬೂಟ್ ಕ್ಯಾಂಪ್'ಗಳ ಕಥೆಯೂ ಅಷ್ಟೇನೂ ಭಿನ್ನವಲ್ಲ: ಕವಾಯತು ಚೆನ್ನಾಗಿ ಕಲಿಯುತ್ತಾರೆ, ಅಪರಾಧ ಕಡಿಮೆಯಾಗುವುದಿಲ್ಲ.

ಹಾಗಾದರೆ ಬಂಧನವೇ? ಇಲ್ಲೊಂದು ಕಷ್ಟವಿದೆ. ಒಳಗೆ ಹೋದವರು ಹೊರಗುಳಿದವರಿಗಿಂತ ಮುಂದೆ ಹೆಚ್ಚು ತಪ್ಪು ಮಾಡಿದರೆ, ಅದು ಬಂಧನದ ಪರಿಣಾಮವೋ, ಅಥವಾ ಹೆಚ್ಚು ತಂಟೆಯ ಹುಡುಗರನ್ನೇ ಆರಿಸಿ ಒಳಗೆ ಹಾಕಿದ್ದರ ಫಲವೋ? ಅನ್ನಾ ಐಝರ್ ಮತ್ತು ಜೋಸೆಫ್ ಡಾಯ್ಲ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಜಾಣ ದಾರಿ ಹುಡುಕಿದರು. ಷಿಕಾಗೋದ ಬಾಲ ನ್ಯಾಯಾಲಯದಲ್ಲಿ ಯಾವ ಪ್ರಕರಣ ಯಾವ ನ್ಯಾಯಾಧೀಶರ ಮುಂದೆ ಬರುತ್ತದೆ ಎಂಬುದು ಹೆಚ್ಚುಕಡಿಮೆ ಚೀಟಿ ಎತ್ತಿದಂತೆ. ಕೆಲವರು ಕಟ್ಟುನಿಟ್ಟು, ಕೆಲವರು ಮೃದು. ಹಾಗಾಗಿ ಒಂದೇ ಬಗೆಯ ಇಬ್ಬರು ಹುಡುಗರಲ್ಲಿ ಒಬ್ಬ ಅದೃಷ್ಟದಿಂದ ಮನೆಗೆ ಹೋಗುತ್ತಾನೆ, ಇನ್ನೊಬ್ಬ ಒಳಗೆ. ಮೂವತ್ತು ಸಾವಿರಕ್ಕೂ ಮಿಕ್ಕಿದ ಮಕ್ಕಳ ದಾಖಲೆಗಳನ್ನು ವರ್ಷಗಳ ಉದ್ದಕ್ಕೆ ಹಿಂಬಾಲಿಸಿ ಅವರು 2015ರಲ್ಲಿ ಪ್ರಕಟಿಸಿದ ಉತ್ತರ ಖಚಿತವಾಗಿತ್ತು. ಒಳಗೆ ಹೋದವನು ಶಾಲೆ ಮುಗಿಸುವ ಸಾಧ್ಯತೆ ಕುಸಿಯಿತು. ದೊಡ್ಡವನಾದ ಮೇಲೆ ಸೆರೆಮನೆ ಸೇರುವ ಸಾಧ್ಯತೆ ಏರಿತು.

ಯಾಕೆ ಹೀಗೆ? ಒಂದು ಕಾರಣ ಶಾಲೆ. ಹದಿನಾರನೇ ವಯಸ್ಸಿನಲ್ಲಿ ಕೆಲವು ತಿಂಗಳು ತರಗತಿ ತಪ್ಪಿದ ಹುಡುಗ ಹಿಂತಿರುಗಿದಾಗ ಬೆಂಚು ಇರುತ್ತದೆ, ಪಾಠ ಮುಂದೆ ಹೋಗಿರುತ್ತದೆ, ಅವನು ಹೊರನಡೆಯುತ್ತಾನೆ. ಇನ್ನೊಂದು ಕಾರಣ ಸಹವಾಸ. ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೋ ಗಾರ್ಡ್ನರ್ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಕಂಪ್ಯೂಟರಿನ ಮೇಲೆ ಕಾರು ಓಡಿಸುವ ಒಂದು ಆಟ ಆಡಿಸಿದರು. ಒಬ್ಬರೇ ಆಡಿದಾಗ ಹದಿಹರೆಯದವರಿಗೂ ವಯಸ್ಕರಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಪಕ್ಕದಲ್ಲಿ ಗೆಳೆಯರು ನಿಂತು ನೋಡುತ್ತಿದ್ದಾಗ ಮಾತ್ರ ಹದಿಹರೆಯದವರು ದುಡುಕಿದರು, ವಯಸ್ಕರು ಬದಲಾಗಲಿಲ್ಲ. ಈಗ ಯೋಚಿಸಿ. ಗೆಳೆಯರ ಕಣ್ಣೆದುರು ಅತಿ ಹೆಚ್ಚು ದುಡುಕುವ ವಯಸ್ಸಿನವರನ್ನು, ಅದೂ ಈಗಾಗಲೇ ದುಡುಕಿದವರನ್ನು, ನೂರಾರು ಸಂಖ್ಯೆಯಲ್ಲಿ ಒಂದೇ ಅಂಗಳದಲ್ಲಿ ಕೂಡಿಹಾಕುತ್ತೇವೆ.

ಬಂಧನವೇ ಬೇಡ ಎಂದು ಇದರಿಂದ ಹೇಳುತ್ತಿಲ್ಲ. ಚಾಕು ಹಾಕಿದ, ಅತ್ಯಾಚಾರ ಮಾಡಿದ, ಮತ್ತೆ ಮಾಡುವ ಅಪಾಯವಿರುವ ಹುಡುಗನನ್ನು ಕೆಲಕಾಲ ಬೀಗದ ಹಿಂದೆ ಇಡಲೇಬೇಕಾಗುತ್ತದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿ ಇದನ್ನು ಒಪ್ಪಿಕೊಂಡೇ ಎರಡು ಷರತ್ತು ಹಾಕುತ್ತದೆ: ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ, ಮತ್ತು ಸಾಧ್ಯವಾದಷ್ಟು ಕಡಿಮೆ ಅವಧಿಗೆ. ಎರಡನೇ ಷರತ್ತಿನ ಹಿಂದೆ ಕರುಣೆಯಷ್ಟೇ ಇಲ್ಲ. ಫೀನಿಕ್ಸ್ ಮತ್ತು ಫಿಲಡೆಲ್ಫಿಯಾಗಳಲ್ಲಿ ಗಂಭೀರ ಅಪರಾಧ ಮಾಡಿದ 1,354 ಹದಿಹರೆಯದವರನ್ನು ಏಳು ವರ್ಷ ಬೆನ್ನುಹತ್ತಿದ ಅಧ್ಯಯನದಲ್ಲಿ, ಹೆಚ್ಚು ಕಾಲ ಒಳಗಿದ್ದವರು ಕಡಿಮೆ ಕಾಲ ಇದ್ದವರಿಗಿಂತ ಉತ್ತಮವಾಗಿ ಹೊರಬರಲಿಲ್ಲ. ಇನ್ನೊಂದು ಸಂಗತಿಯೂ ಅದರಲ್ಲಿ ಸಿಕ್ಕಿತು: ಗಂಭೀರ ಅಪರಾಧ ಮಾಡಿದ್ದ ಈ ಮಕ್ಕಳಲ್ಲೂ ಬಹುಪಾಲು ಮಂದಿ ವರ್ಷ ಕಳೆದಂತೆ ತಾವಾಗಿ ಅದರಿಂದ ಹಿಂದೆ ಸರಿದರು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2008ರ ಸುಮಾರಿಗೆ ಬಂಧನದಲ್ಲಿದ್ದ ಮಕ್ಕಳು ಸುಮಾರು 3,000. ಒಂದೂವರೆ ದಶಕದಲ್ಲಿ ಅದು 500ಕ್ಕಿಂತ ಕೆಳಗಿಳಿಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಈಗ ಒಳಗೆ ಉಳಿದಿರುವವರು ಹಿಂದಿನವರಿಗಿಂತ ಹೆಚ್ಚು ಗಂಭೀರ ಅಪರಾಧದವರು, ಹೆಚ್ಚು ಗಾಯಗೊಂಡವರು. ಸಂಖ್ಯೆ ಇಳಿದಷ್ಟೂ ಉಳಿದವರೊಡನೆ ಮಾಡಬೇಕಾದ ಕೆಲಸ ಕಷ್ಟವಾಗುತ್ತದೆ.

ಹನ್ನೆರಡು ಮಂದಿಯ ವೃತ್ತ

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಬೂನ್‌ವಿಲ್ ಎಂಬಲ್ಲಿ 1889ರಿಂದ ಹುಡುಗರ ತರಬೇತಿ ಶಾಲೆಯೊಂದಿತ್ತು. ನೂರಾರು ಹುಡುಗರು, ಹೊಡೆತ, ಹಿಂಸೆಯ ಕುಖ್ಯಾತಿ. 1983ರಲ್ಲಿ ಅದನ್ನು ಮುಚ್ಚಿದರು. ಹಾಗೆ ನೋಡಿದರೆ ಮುಚ್ಚಿದವರಲ್ಲಿ ಮೊದಲಿಗರು ಇವರಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಈ ಶಾಲೆಗಳ ಇಲಾಖೆಯ ಮುಖ್ಯಸ್ಥ ಜೆರೋಮ್ ಮಿಲ್ಲರ್ 1970ರ ದಶಕದ ಆರಂಭದಲ್ಲೇ ರಾಜ್ಯದ ಸುಧಾರಣಾ ಶಾಲೆಗಳನ್ನು ಒಂದಾದ ಮೇಲೊಂದು ಮುಚ್ಚಿಸಿ, ಸಣ್ಣ ಗೃಹಗಳಿಗೆ ಮಕ್ಕಳನ್ನು ಸಾಗಿಸಿದ್ದರು. ಮಿಸೌರಿಯ ವಿಶೇಷ ಏನೆಂದರೆ, ಮುಚ್ಚಿದ ಮೇಲೆ ಏನು ಕಟ್ಟಬೇಕು ಎಂಬುದನ್ನು ಅವರು ದಶಕಗಳ ಕಾಲ ಬಿಡದೆ ಮಾಡಿ ತೋರಿಸಿದರು.

ರಾಜ್ಯವನ್ನು ಐದು ವಲಯ ಮಾಡಿ, ಮನೆಯವರು ಹೋಗಿಬರುವಷ್ಟು ಹತ್ತಿರದಲ್ಲಿ ಸಣ್ಣ ಕೇಂದ್ರಗಳನ್ನು ತೆರೆದರು. ಬಿಗಿ ಭದ್ರತೆಯದಾದರೂ ಸರಿ, ಒಂದರಲ್ಲಿ ಹೆಚ್ಚೆಂದರೆ ಐವತ್ತರೊಳಗೆ ಮಕ್ಕಳು. ಅವರನ್ನು ಹತ್ತು ಹನ್ನೆರಡು ಮಂದಿಯ ಗುಂಪು ಮಾಡುತ್ತಾರೆ. ಆ ಗುಂಪು ಒಟ್ಟಿಗೆ ಮಲಗುತ್ತದೆ, ಉಣ್ಣುತ್ತದೆ, ಓದುತ್ತದೆ. ಸಿಬ್ಬಂದಿಗೆ ಸಮವಸ್ತ್ರವಿಲ್ಲ. ಯಾರಿಗಾದರೂ ಏನಾದರೂ ಆಯಿತು, ಒಬ್ಬ ಇನ್ನೊಬ್ಬನನ್ನು ತಳ್ಳಿದ, ಮನೆಯಿಂದ ಬಂದ ಫೋನಿನ ನಂತರ ಒಬ್ಬ ಮಾತು ನಿಲ್ಲಿಸಿದ ಎಂದರೆ, ಯಾರು ಬೇಕಾದರೂ 'ವೃತ್ತ' ಕರೆಯಬಹುದು. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎಲ್ಲರೂ ದುಂಡಗೆ ನಿಂತು ಆದದ್ದನ್ನು ಮಾತಾಡುತ್ತಾರೆ. ಇದು ದಿನಕ್ಕೆ ಎಷ್ಟು ಸಲ ಆದರೂ ಸರಿ. 2008ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಆಡಳಿತ ಸುಧಾರಣಾ ಪ್ರಶಸ್ತಿ ಈ ವ್ಯವಸ್ಥೆಗೆ ಬಂತು.

ಇಲ್ಲಿ ಭದ್ರತೆ ಎಲ್ಲಿದೆ ಎಂದು ಕೇಳಬಹುದು. ಈ ಕೆಲಸದಲ್ಲಿರುವವರು ಅದನ್ನು 'ಸಂಬಂಧದ ಭದ್ರತೆ' ಎನ್ನುತ್ತಾರೆ. ಬೆಳಿಗ್ಗೆ ತಿಂಡಿಗೆ ಬಂದ ಹುಡುಗ ತಟ್ಟೆ ಇಟ್ಟ ಸದ್ದಿನಲ್ಲೇ ಇವತ್ತು ಏನೋ ಸರಿಯಿಲ್ಲ ಎಂದು ಗೊತ್ತಾಗುವಷ್ಟು ಪರಿಚಯ. ಹನ್ನೆರಡು ಮಕ್ಕಳನ್ನು ನೋಡುವವರಿಗೆ ಅದು ಸಾಧ್ಯ. ಅರವತ್ತು ಮಂದಿಯ ಬ್ಲಾಕಿನಲ್ಲಿ ನಿಂತ ಕಾವಲುಗಾರನಿಗೆ ಗೊತ್ತಾಗುವುದು ಕುರ್ಚಿ ಹಾರಿದ ಮೇಲೆ. ನಾರ್ವೆ ಇದನ್ನು ತುದಿಗೆ ಮುಟ್ಟಿಸಿದೆ: ಅಲ್ಲಿ ಮಕ್ಕಳಿಗೆಂದೇ ಬರ್ಗೆನ್ ಬಳಿ ಒಂದು, ಐಡ್ಸ್‌ವೊಲ್‌ನಲ್ಲಿ ಒಂದು ಬಂಧನ ಘಟಕ ತೆರೆದರು. ಒಂದೊಂದರಲ್ಲಿ ಬೆರಳೆಣಿಕೆಯಷ್ಟೇ ಜಾಗ. ಶಿಕ್ಷಕರು, ವೈದ್ಯರು ಸೆರೆಮನೆಯ ನೌಕರರಲ್ಲ. ಊರಿನ ಎಲ್ಲರಿಗೂ ಸೇವೆ ಕೊಡುವ ಅದೇ ವ್ಯವಸ್ಥೆಯಿಂದ ಒಳಗೆ ಬರುತ್ತಾರೆ.

ಮುಷ್ಟಿಯಲ್ಲಿ ಚೆಂಡು

ಪುನರ್ವಸತಿ ಎಂಬ ದೊಡ್ಡ ಪದದೊಳಗೆ ನಿಜವಾಗಿ ನಡೆಯುವುದೇನು? ಷಿಕಾಗೋದ 'ಬಿಕಮಿಂಗ್ ಎ ಮ್ಯಾನ್' ಎಂಬ ಕಾರ್ಯಕ್ರಮದ ಒಂದು ಚಟುವಟಿಕೆ ಇದನ್ನು ಯಾವ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಹುಡುಗರನ್ನು ಜೋಡಿ ಮಾಡಿ, ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಇನ್ನೊಬ್ಬನಿಗೆ ಹೇಳುವುದು ಇಷ್ಟೇ: ಮೂವತ್ತು ಸೆಕೆಂಡಿನಲ್ಲಿ ಆ ಚೆಂಡನ್ನು ಅವನ ಮುಷ್ಟಿಯಿಂದ ಪಡೆ. ಎಲ್ಲರೂ ಮೇಲೆ ಬೀಳುತ್ತಾರೆ. ಬೆರಳು ತಿರುಚುತ್ತಾರೆ, ತೋಳು ಹಿಡಿದು ಎಳೆಯುತ್ತಾರೆ. ಸಮಯ ಮುಗಿದ ಮೇಲೆ ಮೇಷ್ಟ್ರು ಕೇಳುತ್ತಾರೆ: 'ಚೆಂಡು ಕೊಡ್ತೀಯಾ ಅಂತ ಯಾರೂ ಯಾಕೆ ಕೇಳಲಿಲ್ಲ?' ಕೇಳಿದ್ದರೆ ಕೊಡುತ್ತಿರಲಿಲ್ಲ, ನನ್ನನ್ನು ಪುಕ್ಕಲ ಎಂದುಕೊಳ್ಳುತ್ತಿದ್ದ ಎಂದು ಉತ್ತರ ಬರುತ್ತದೆ. ಆಗ ಚೆಂಡು ಹಿಡಿದವನ ಕಡೆ ತಿರುಗಿ, ಕೇಳಿದ್ದರೆ ಏನು ಮಾಡುತ್ತಿದ್ದೆ ಎಂದರೆ, ಅವನು ಕೊಡುತ್ತಿದ್ದೆ ಎನ್ನುತ್ತಾನೆ. ಅದೊಂದು ಚೆಂಡು ತಾನೇ.

ಆ ಅರ್ಧ ನಿಮಿಷದಲ್ಲಿ ಹುಡುಗನಿಗೆ ತನ್ನದೇ ತಲೆಯೊಳಗಿನ ಒಂದು ಯಂತ್ರ ಕಾಣಿಸುತ್ತದೆ. ಎದುರಿನವನು ಎದುರಾಳಿ, ಮಾತು ಎಂದರೆ ಸೋಲು ಎಂದು ಅದು ಯೋಚನೆಗಿಂತ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಅವನು ಬೆಳೆದ ಬೀದಿಯಲ್ಲಿ ಆ ತೀರ್ಮಾನ ಅವನನ್ನು ಕಾಪಾಡಿರಲೂಬಹುದು. ತರಗತಿಯಲ್ಲಿ, ಕೆಲಸದ ಜಾಗದಲ್ಲಿ ಅದೇ ಅವನನ್ನು ಮುಳುಗಿಸುತ್ತದೆ. ಅರಿವು ಮತ್ತು ವರ್ತನೆಯ ಚಿಕಿತ್ಸೆ ಎಂದು ಕರೆಯುವುದರ ತಿರುಳು ಇದು: ಆದ ಘಟನೆಗೂ ತಾನು ಎತ್ತುವ ಕೈಗೂ ನಡುವೆ ಒಂದು ಉಸಿರಿನಷ್ಟು ಜಾಗ ಮಾಡಿಕೊಳ್ಳುವುದು, ಆ ಜಾಗದಲ್ಲಿ 'ಇಲ್ಲಿ ನಿಜವಾಗಿ ಏನಾಗುತ್ತಿದೆ' ಎಂದು ಕೇಳಿಕೊಳ್ಳುವುದು. 1899ರಲ್ಲಿ ಜಗತ್ತಿನ ಮೊದಲ ಬಾಲ ನ್ಯಾಯಾಲಯ ತೆರೆದ ಷಿಕಾಗೋದ ಅದೇ ಕುಕ್ ಕೌಂಟಿಯ ಬಂಧನ ಕೇಂದ್ರದಲ್ಲೂ ಇಂಥದೇ ತರಬೇತಿ ನಡೆಸಿ ಅಳೆದರು. ನಡೆಸಿಕೊಟ್ಟವರು ಹೊರಗಿನ ದುಬಾರಿ ತಜ್ಞರಲ್ಲ, ತರಬೇತಾದ ಕೇಂದ್ರದ ಸಿಬ್ಬಂದಿಯೇ. ಅಲ್ಲಿದ್ದ ಹುಡುಗರು ಕೇಂದ್ರಕ್ಕೆ ವಾಪಸು ಬರುವ ಪ್ರಮಾಣ ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು. ಬೀಗ ಅದೇ, ಕಟ್ಟಡ ಅದೇ. ಬದಲಾದದ್ದು ಸಿಬ್ಬಂದಿ ಮಕ್ಕಳೊಡನೆ ಕಳೆಯುವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂಬುದು.

ಒಳಗಿನ ಶಾಲೆಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಬಂಧನದಲ್ಲಿರುವ ಮಕ್ಕಳಿಗಾಗಿ 1990ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ಹವಾನಾ ನಿಯಮಗಳು ಎಂದು ಕರೆಯುವ ನಿಯಮಾವಳಿಯ 40ನೇ ನಿಯಮ, ಬಂಧನದಲ್ಲಿದ್ದಾಗ ಮಗು ಪಡೆದ ಪ್ರಮಾಣಪತ್ರದಲ್ಲಿ ಅವನು ಬಂಧನದಲ್ಲಿದ್ದ ಎಂಬುದರ ಸುಳಿವು ಕೂಡ ಇರಬಾರದು ಎನ್ನುತ್ತದೆ. ಅದನ್ನು ಬರೆದವರಿಗೆ ಕೆಲಸ ಕೇಳಿಕೊಂಡು ಹೋಗುವ ಹುಡುಗನ ಮುಖ ಕಣ್ಣ ಮುಂದೆ ಇದ್ದಿರಬೇಕು.

ಕೈ ಮಾಡುವುದು, ಒಂಟಿ ಮಾಡುವುದು

ಹೇಳಲು ಮನಸ್ಸು ಬಾರದ, ಆದರೆ ಬಿಟ್ಟರೆ ಅಪ್ರಾಮಾಣಿಕವಾಗುವ ಭಾಗ ಇದು. 2004ರಲ್ಲಿ ಇಂಗ್ಲೆಂಡಿನ ಸುರಕ್ಷಿತ ತರಬೇತಿ ಕೇಂದ್ರವೊಂದರಲ್ಲಿ 15 ವರ್ಷದ ಹುಡುಗನೊಬ್ಬ ಸ್ಯಾಂಡ್‌ವಿಚ್ ಟೋಸ್ಟರ್ ತೊಳೆಯುವುದಿಲ್ಲ ಎಂದ. ಅವನನ್ನು ಕೋಣೆಗೆ ಕಳಿಸಿದರು. ಕೋಣೆಯಲ್ಲಿದ್ದ ಅವನ ಸಾಮಾನುಗಳನ್ನು ತೆಗೆಯುತ್ತಾ, ತಾಯಿಯ ಹೊಸ ಫೋನ್ ನಂಬರ್ ಬರೆದಿದ್ದ ಚೀಟಿಯನ್ನೂ ತೆಗೆದರು. ಅವನು ಕೈ ಎತ್ತಿದ. ಮೂವರು ದೊಡ್ಡವರು ಅವನನ್ನು ಕೂರಿಸಿ ಬಗ್ಗಿಸಿ ಹಿಡಿದರು. ಅವನ ತೂಕ ಸುಮಾರು 41 ಕಿಲೋ. ಉಸಿರಾಡಲು ಆಗುತ್ತಿಲ್ಲ ಎಂದ. ಬಿಡಲಿಲ್ಲ. ಅವನು ಸತ್ತ. ಆ ಹಿಡಿತ ಆ ಕಾಲಕ್ಕೆ ಅಧಿಕೃತವಾಗಿ ಕಲಿಸುತ್ತಿದ್ದಂಥದ್ದು. ಸಾವಿನ ನಂತರ ಅದನ್ನು ಹಿಂತೆಗೆದುಕೊಂಡರು.

ಅಪಾಯವೇ ಎದುರಿಗಿದ್ದಾಗ ಒಬ್ಬ ಹುಡುಗನನ್ನು ಹಿಡಿದು ನಿಲ್ಲಿಸಬೇಕಾಗುತ್ತದೆ, ಅದನ್ನು ಯಾವ ನಿಯಮವೂ ಅಲ್ಲಗಳೆಯುವುದಿಲ್ಲ. ಹವಾನಾ ನಿಯಮಗಳು ಹೇಳುವುದು, ಬೇರೆಲ್ಲ ದಾರಿ ಮುಗಿದ ಮೇಲೆ, ಅತಿ ಕಡಿಮೆ ಹೊತ್ತು, ಅವಮಾನ ಮಾಡದೆ. ಟೋಸ್ಟರ್ ಅಪಾಯವಲ್ಲ. ಮಾತು ಕೇಳಿಸುವುದಕ್ಕಾಗಿ ಬಲ ಬಳಸಲು ಶುರುವಾದ ಕಡೆ, ಸಣ್ಣ 'ಇಲ್ಲ' ಕೂಡ ಸಾವಿನವರೆಗೆ ಹೋಗಬಲ್ಲದು. 2016ರ ಜುಲೈನಲ್ಲಿ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಬಾಲ ಬಂಧನ ಕೇಂದ್ರದಲ್ಲಿ ಮುಖಕ್ಕೆ ಮುಸುಕು ಹಾಕಿ ಕುರ್ಚಿಗೆ ಬಿಗಿದ ಹುಡುಗನ ದೃಶ್ಯ ಟಿವಿಯಲ್ಲಿ ಬಂದಾಗ ದೇಶ ಬೆಚ್ಚಿತು, ಕೆಲವೇ ದಿನಗಳಲ್ಲಿ ರಾಯಲ್ ಕಮಿಷನ್ ಎಂಬ ಉನ್ನತ ತನಿಖಾ ಆಯೋಗ ನೇಮಕವಾಯಿತು. ಕ್ಯಾಮೆರಾ ಒಳಗೆ ಮೊದಲೇ ಇತ್ತು. ಅದನ್ನು ನೋಡಬೇಕಾದವರು ಹೊರಗಿನವರಾಗಿರಲಿಲ್ಲ. ಹೇಳದೆ ಬಂದು ಯಾವ ಬಾಗಿಲನ್ನಾದರೂ ತೆರೆಸಿ ನೋಡುವ, ಮಗುವಿನೊಡನೆ ಒಂಟಿಯಾಗಿ ಮಾತಾಡುವ ಸ್ವತಂತ್ರ ತಪಾಸಕರು ಇಲ್ಲದ ಕೇಂದ್ರವನ್ನು, ಅದರ ಕೈಪಿಡಿ ಎಷ್ಟೇ ಚೆನ್ನಾಗಿರಲಿ, ನಾನು ನಂಬಲಾರೆ.

ಒಂಟಿ ಕೋಣೆಯ ವಿಚಾರವೂ ಹೀಗೆಯೇ. ನ್ಯೂಯಾರ್ಕಿನಲ್ಲಿ 2010ರಲ್ಲಿ 16 ವರ್ಷದ ಹುಡುಗನೊಬ್ಬ ಬ್ಯಾಗ್ ಕದ್ದ ಆರೋಪದ ಮೇಲೆ ರೈಕರ್ಸ್ ದ್ವೀಪದ ವಯಸ್ಕರ ಜೈಲು ಸೇರಿದ. ವಿಚಾರಣೆಯೇ ನಡೆಯದೆ ಮೂರು ವರ್ಷ ಒಳಗಿದ್ದ, ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆಯಲ್ಲಿ. ಕೊನೆಗೆ ಪ್ರಕರಣವನ್ನೇ ಕೈಬಿಟ್ಟರು. ಹೊರಬಂದ ಎರಡು ವರ್ಷಕ್ಕೆ ಅವನು ಪ್ರಾಣ ಕಳೆದುಕೊಂಡ. ಹವಾನಾ ನಿಯಮಗಳ 67ನೇ ನಿಯಮ ಮಕ್ಕಳಿಗೆ ಒಂಟಿ ಬಂಧನವನ್ನು ಶಿಕ್ಷೆಯಾಗಿ ಬಳಸುವುದನ್ನು 1990ರಲ್ಲೇ ನಿಷೇಧಿಸಿತ್ತು. ಅಮೆರಿಕದ ಕೇಂದ್ರ ಸರ್ಕಾರ ತನ್ನ ಸೆರೆಮನೆಗಳಲ್ಲಿ ಅದನ್ನು ಮಕ್ಕಳ ಮೇಲೆ ಬಳಸುವುದಿಲ್ಲ ಎಂದು 2016ರಲ್ಲಿ ಹೇಳಿತು.

'ಆದರೆ ನಿಜಕ್ಕೂ ಕೈಗೆ ಸಿಗದ ಹುಡುಗರಿರುತ್ತಾರಲ್ಲ?' ಇರುತ್ತಾರೆ. ವಿಸ್ಕಾನ್ಸಿನ್ ರಾಜ್ಯ 1995ರಲ್ಲಿ ಮೆಂಡೋಟಾ ಎಂಬಲ್ಲಿ ತೆರೆದ ಕೇಂದ್ರಕ್ಕೆ ಕಳಿಸುವುದೇ ಅಂಥವರನ್ನು, ಬೇರೆ ಬಂಧನ ಕೇಂದ್ರಗಳು ಸೋತು ಕೈಚೆಲ್ಲಿದವರನ್ನು. ಅದು ಇರುವುದು ಮನೋರೋಗ ಆಸ್ಪತ್ರೆಯ ಆವರಣದಲ್ಲಿ. ಅಲ್ಲಿನವರ ತರ್ಕ ಸರಳ: ಹುಡುಗ ತಿರುಗಿಬಿದ್ದ, ಶಿಕ್ಷೆ ಕೊಟ್ಟರು, ಇನ್ನೂ ಜೋರಾಗಿ ತಿರುಗಿಬಿದ್ದ, ಇನ್ನೂ ದೊಡ್ಡ ಶಿಕ್ಷೆ. ಈ ಏಣಿ ಹತ್ತುತ್ತಾ ಹೋದರೆ ಅವನಿಗೆ ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ, ಸಿಬ್ಬಂದಿಗೆ ಕಿತ್ತುಕೊಳ್ಳಲೂ ಏನೂ ಉಳಿಯುವುದಿಲ್ಲ. ಆದ್ದರಿಂದ ಅವರು ಒತ್ತಡವನ್ನು ಇಳಿಸುತ್ತಾ ಬರುತ್ತಾರೆ. ಇವತ್ತು ಚೆನ್ನಾಗಿ ನಡೆದುಕೊಂಡರೆ ನಾಳೆಗೆ ಸವಲತ್ತು. ಹೋದ ವಾರದ ಲೆಕ್ಕ ಇಲ್ಲ. ದಿನವೂ ಹೊಸ ಪುಟ. ಅಲ್ಲಿ ಚಿಕಿತ್ಸೆ ಪಡೆದವರು ಹೊರಬಂದ ಮೇಲೆ ಹಿಂಸಾಕೃತ್ಯಗಳಿಗೆ ಮರಳುವುದು ಹೋಲಿಕೆಗೆ ಇಟ್ಟುಕೊಂಡ ಗುಂಪಿಗಿಂತ ಗಮನಾರ್ಹವಾಗಿ ಕಡಿಮೆಯಿತ್ತು.

ನೊಂದವರ ಪ್ರಶ್ನೆ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಎದುರಾಗಬೇಕು. ಏಟು ತಿಂದವರ ಗತಿಯೇನು? ಮಗನನ್ನು ಕಳೆದುಕೊಂಡ ಮನೆಯಲ್ಲಿ ಕೂತು, ಕೊಂದವನಿಗೆ ಪಾಠ, ಆಟ, ಆಪ್ತಸಮಾಲೋಚನೆ ಎಂಬ ಪಟ್ಟಿ ಕೇಳುವುದು ಎಷ್ಟು ಕಷ್ಟ ಎಂದು ನಾನು ಅಳೆಯಲಾರೆ. ಅವರ ಸಿಟ್ಟು ನ್ಯಾಯವಾದದ್ದು. ಅದಕ್ಕೆ ಉತ್ತರವಾಗಿ ಅಂಕಿಅಂಶ ಓದುವುದು ಕ್ರೌರ್ಯ.

ನ್ಯೂಜಿಲೆಂಡ್ 1989ರ ಕಾಯ್ದೆಯಲ್ಲಿ ಒಂದು ದಾರಿ ತೆರೆಯಿತು. ಕೊಲೆಯಂಥ ಪ್ರಕರಣಗಳನ್ನು ಬಿಟ್ಟು ಹೆಚ್ಚಿನವುಗಳಲ್ಲಿ ಹುಡುಗ, ಅವನ ಮನೆಯವರು, ಪೊಲೀಸರು, ಒಪ್ಪಿದರೆ ನೊಂದವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಲ್ಲಿನ ಮೂಲನಿವಾಸಿ ಮಾವೋರಿ ಸಮುದಾಯದ ಸಂಪ್ರದಾಯದಿಂದಲೂ ಅದು ಪ್ರೇರಣೆ ಪಡೆದಿದೆ. ನ್ಯಾಯಾಲಯದಲ್ಲಿ ವಕೀಲರ ಹಿಂದೆ ಅಡಗಿ ಕೂರಬಹುದು. ಇಲ್ಲಿ, ನೀನು ಮನೆಗೆ ನುಗ್ಗಿದ ಮೇಲೆ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎನ್ನುವ ಹೆಂಗಸಿನ ಮುಖ ನೋಡಬೇಕು, ಹೇಗೆ ಸರಿಪಡಿಸುತ್ತೀಯ ಎಂಬುದಕ್ಕೆ ಉತ್ತರ ಕೊಡಬೇಕು. ಬೀಗದ ಕೇಂದ್ರಗಳಲ್ಲೂ ಈ ಬಗೆಯ ಕೆಲಸ ಸಾಧ್ಯ. ಆದರೆ ನೊಂದವರ ಮನಸ್ಸಿಲ್ಲದೆ, ಹುಡುಗನ ಸಿದ್ಧತೆಯಿಲ್ಲದೆ, ಕಡತದಲ್ಲಿ ಗುರುತು ಹಾಕಲು ಮಾಡಿಸಿದರೆ ಎರಡು ಕಡೆಯೂ ಹಳೆಯ ಗಾಯ ಬಿಚ್ಚುತ್ತದೆ.

ಬಿಡುಗಡೆಯ ದಿನ

ಒಳಗಿನ ಕೆಲಸವೆಲ್ಲ ಎಷ್ಟೇ ಚೆನ್ನಾಗಿ ನಡೆದಿರಲಿ, ಪರೀಕ್ಷೆ ಇರುವುದು ಬಿಡುಗಡೆಯ ನಂತರದ ಮೊದಲ ಕೆಲವು ವಾರಗಳಲ್ಲಿ. ಒಳಗೆ ಎದ್ದೇಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು ಎಲ್ಲವನ್ನೂ ಇನ್ನೊಬ್ಬರು ನಿರ್ಧರಿಸುತ್ತಿದ್ದರು. ಹೊರಗೆ ಬಂದ ಮರುದಿನ ಬೆಳಿಗ್ಗೆ ಯಾರೂ ಎಬ್ಬಿಸುವುದಿಲ್ಲ. ಶಾಲೆ ಸೇರಿಸಿಕೊಳ್ಳಲು ಕಾಗದ ಪತ್ರ ಕೇಳುತ್ತದೆ. ಹಳೆಯ ಗೆಳೆಯರು ಮಾತ್ರ ಏನನ್ನೂ ಕೇಳದೆ ಸೇರಿಸಿಕೊಳ್ಳುತ್ತಾರೆ.

ಎಲ್ಲಿ ಮಲಗುತ್ತಾನೆ, ಹಗಲು ಎಲ್ಲಿ ಕಳೆಯುತ್ತಾನೆ, ತೊಂದರೆಯಾದರೆ ಯಾರಿಗೆ ಫೋನ್ ಮಾಡುತ್ತಾನೆ ಎಂಬ ಮೂರಕ್ಕೆ ಬಿಡುಗಡೆಯ ದಿನ ಉತ್ತರ ಹುಡುಕಿದರೆ ತಡವಾಯಿತು. ಒಳಗೆ ಬಂದ ವಾರವೇ ಆ ಕೆಲಸ ಶುರುವಾಗಬೇಕು. ಮಿಸೌರಿಯಲ್ಲಿ ಒಬ್ಬ ಹುಡುಗನಿಗೆ ಒಬ್ಬರೇ ಅಧಿಕಾರಿ: ನ್ಯಾಯಾಲಯ ಕಳಿಸಿದ ದಿನದಿಂದ ಹಿಡಿದು ಮನೆಗೆ ಮರಳಿದ ನಂತರದ ತಿಂಗಳುಗಳವರೆಗೂ ಅವರೇ. ಹುಡುಗ ತನ್ನ ಕಥೆಯನ್ನು ಹೊಸ ಮೇಜಿನ ಮುಂದೆ ಹೊಸದಾಗಿ ಹೇಳಬೇಕಾಗಿಲ್ಲ. ಮನೆಯ ನಂಟು ಕಡಿಯಬಾರದೆಂದೇ ಹವಾನಾ ನಿಯಮಗಳು ವಾರಕ್ಕೊಂದು, ಕನಿಷ್ಠ ತಿಂಗಳಿಗೊಂದು ಭೇಟಿ ಎಂದು ಗೊತ್ತುಮಾಡಿವೆ. ಕೇಂದ್ರ ದಿನವಿಡೀ ಪ್ರಯಾಣದಷ್ಟು ದೂರದಲ್ಲಿದ್ದರೆ, ದಿನಗೂಲಿಯ ತಾಯಿಗೆ ಆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಫಲಿತಾಂಶ ಓದುವಾಗ ಒಂದು ಎಚ್ಚರಿಕೆ. ಇಂಥ ಕೇಂದ್ರದಿಂದ ಹೊರಬಂದವರಲ್ಲಿ ಶೇಕಡಾ ಇಷ್ಟು ಮಂದಿ ಮತ್ತೆ ಅಪರಾಧ ಮಾಡಿದರು ಎಂಬ ಸಾಲು ಕಂಡರೆ, ಯಾವುದನ್ನು ಲೆಕ್ಕ ಹಿಡಿದಿದ್ದಾರೆ ಎಂದು ನೋಡಿ. ಕೆಲವರು ಮತ್ತೆ ಬಂಧನಕ್ಕೊಳಗಾದದ್ದನ್ನು ಎಣಿಸುತ್ತಾರೆ, ಕೆಲವರು ಶಿಕ್ಷೆಯಾದದ್ದನ್ನು, ಕೆಲವರು ಮತ್ತೆ ಒಳಗೆ ಬಂದದ್ದನ್ನು ಮಾತ್ರ. ಒಂದು ವರ್ಷದ ಲೆಕ್ಕ ಬೇರೆ, ಮೂರು ವರ್ಷದ್ದು ಬೇರೆ. ಎರಡು ದೇಶಗಳ ಅಂಕಿ ಪಕ್ಕಪಕ್ಕ ಇಟ್ಟು ಗೆದ್ದವರು ಯಾರು ಎಂದು ಹೇಳುವವರ ಮಾತನ್ನು ಸ್ವಲ್ಪ ತಡೆದು ಕೇಳಿ.

ನೆದರ್‌ಲ್ಯಾಂಡ್ಸ್‌ನಲ್ಲಿ 2016ರಲ್ಲಿ ಒಂದು ಹೊಸ ಬಗೆಯ ಕೇಂದ್ರವನ್ನು ಮಾಡಿ ನೋಡಲು ಶುರುಮಾಡಿದರು. ಊರಿನ ಒಳಗೇ ಒಂದು ಮನೆ, ಕೆಲವೇ ಮಕ್ಕಳು, ರಾತ್ರಿ ಹಗಲು ಸಿಬ್ಬಂದಿ. ಹೊರಗೆ ಬಿಡುವಷ್ಟು ಅಪಾಯ ಕಡಿಮೆ ಎಂದು ಕಂಡ ಹುಡುಗರು ಬಂಧನದಲ್ಲಿದ್ದಾಗಲೇ ಬೆಳಿಗ್ಗೆ ತಮ್ಮ ಹಳೆಯ ಶಾಲೆಗೋ ಕೆಲಸಕ್ಕೋ ಹೋಗುತ್ತಾರೆ. ಬೆಂಚು ಖಾಲಿ ಬೀಳುವುದಿಲ್ಲ, ಕೆಲಸ ಕೈತಪ್ಪುವುದಿಲ್ಲ. ಸಂಜೆ ಹೇಳಿದ ಹೊತ್ತಿಗೆ ತಾವಾಗಿ ನಡೆದು ಬಂದು, ಆ ಮನೆಯ ಬಾಗಿಲನ್ನು ಹೊರಗಿನಿಂದ ತಟ್ಟುತ್ತಾರೆ.